ಕಾಕು ಬಾಡಿಗೆಗೆ ಹಿಡಿದ ನಡುಗಡ್ಡೆ

ಮಲ್ಕಾಜ್‌ಗಿರಿಯ ಆ ಮನೆಗೆ ಬೀಗ ಹಾಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಸ್ಟೇಷನ್ನಿಗೆ ಹತ್ತಿರ, ಆಸ್ಪತ್ರೆಗಳ ಕಡೆ ಹೋಗಲು ಬಸ್ಸು ಸಲೀಸು, ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಯಜಮಾನಿ ಯಾರಿಗೂ ಇಲ್ಲ ಎನ್ನದವರು. ಇಷ್ಟು ಸಾಕಿತ್ತು. ಗುಲ್ಬರ್ಗಾ, ಬೀದರ, ಸೊಲ್ಲಾಪುರದ ಕಡೆಯ ಅವರ ಬಳಗವೆಲ್ಲ ಹೈದರಾಬಾದಿಗೆ ಬಂದರೆ ಅಲ್ಲೇ ಇಳಿಯುತ್ತಿತ್ತು. ಕಣ್ಣಿನ ಆಪರೇಶನ್ನಿಗೆ ಬಂದವರು, ಮದುವೆ ಸೀರೆ ಕೊಳ್ಳಲು ಬಂದವರು, ದಿಲ್‌ಸುಖ್‌ನಗರದ ಕೋಚಿಂಗ್‌ಗೆ ಸೇರಿಸಲು ಮಕ್ಕಳನ್ನು ಕರೆತಂದು, ಹಾಸ್ಟೆಲ್ ಸಿಗುವ ತನಕ ಇರಲಿ ಎಂದು ಬಿಟ್ಟುಹೋದವರು. ಓಣಿಯ ತೆಲುಗಿನವರು ಅದನ್ನು ‘ಸತ್ರಂ’ ಎನ್ನುತ್ತಿದ್ದರು. ಆಟೋದವನಿಗೂ ಅಷ್ಟು ಹೇಳಿದರೆ ಸಾಕಿತ್ತು, ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದ.

ನಾನು ಮೈಸೂರಿನಿಂದ ಹೈದರಾಬಾದಿಗೆ ಹೋದದ್ದು ಸಾಫ್ಟ್‌ವೇರ್ ಕಂಪನಿಗಳು ಊರಂಚಿನ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳಲ್ಲಿ. ಕಚೇರಿ ಉಪ್ಪಲ್‌ನಲ್ಲಿ. ಅಲ್ಲಿಗೆ ಶೇರ್ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ, ಕನ್ನಡದವರ ಮನೆ ಎಂದು ಯಾರೋ ಹೇಳಿದ್ದರಿಂದ ಆ ಮನೆಯ ಮಾಳಿಗೆಯ ಮೇಲಿದ್ದ ಒಂಟಿ ಕೋಣೆಗೆ ಬಾಡಿಗೆಗೆ ಸೇರಿಕೊಂಡೆ. ಯಜಮಾನಿಯನ್ನು ಎಲ್ಲರೂ ಕಾಕು ಎನ್ನುತ್ತಿದ್ದರು. ನಮ್ಮ ಕಡೆಯ ಚಿಕ್ಕಮ್ಮನಿಗೆ ಅವರ ಕಡೆ ಹಾಗೆನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರ ಗಂಡ ಕಾಕಾ ಆದರು. ಅವರಿಗೆ ನಾನು ಕೊನೆಯವರೆಗೂ ‘ತಂಗಿ’.

ಕಾಕು ಕುಳ್ಳಗೆ, ದುಂಡಗೆ, ಸದಾ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಟವರ ಹಾಗೆ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ತರಕಾರಿಯವಳೊಂದಿಗೆ ತೆಲುಗು, ಗ್ಯಾಸಿನವನೊಂದಿಗೆ ಹಿಂದಿ, ಗಂಡನೊಂದಿಗೆ ಕನ್ನಡ, ತಮ್ಮೊಳಗೇ ಗೊಣಗಿಕೊಳ್ಳುವಾಗ ಮೂರೂ. ಮಣಿಕಟ್ಟಿನ ಮೇಲೆ ಒಣಗಿದ ಜೋಳದ ಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜುತ್ತ ಮಾತಾಡುವುದು ಅವರ ರೂಢಿ. ಯಾರಾದರೂ ಅಡುಗೆಯನ್ನು ಹೊಗಳಿದರೆ ನಾಚಿಕೊಳ್ಳುವ ಪೈಕಿ ಅಲ್ಲ. “ಹೌದು, ನಾ ಭಾಳ ಛಲೋ ಮಾಡ್ತೀನಿ” ಎಂದು ತಾವೇ ಒಪ್ಪಿಕೊಂಡುಬಿಡುವರು. ಆದರೆ ಅವರು ಕೂತು ಉಂಡದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಒಂದು ರೊಟ್ಟಿ ಮಡಚಿ, ಒಳಗೆ ಪಲ್ಯ ಇಟ್ಟು, ಒಲೆಯ ಕಟ್ಟೆಗೆ ಸೊಂಟ ಆನಿಸಿ ನಿಂತೇ ತಿನ್ನುವರು. ತಿನ್ನುತ್ತಲೇ ಇನ್ನೊಂದು ಕೈಯಲ್ಲಿ ಮರುದಿನಕ್ಕೆ ಕಾಳು ನೆನೆಹಾಕುವರು.

ರವಿವಾರ ಬಟ್ಟೆ ಒಣಹಾಕಲು ಮಾಳಿಗೆಗೆ ಬಂದರೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡುವುದಿತ್ತು. ಒಂದು ಮಂಚ, ಒಂದು ಸ್ಟವ್, ಗೋಡೆಗೆ ಕನ್ನಡಿ. ಒಮ್ಮೆ ಕೇಳಿದರು:

“ಒಂದ ಗಂಗಾಳ ಇಟ್ಕೊಂಡೀಯಲ್ಲ?”

“ಒಬ್ಬಳೇ ಅಲ್ವಾ ಕಾಕು, ಎರಡು ತಟ್ಟೆ ಯಾಕೆ?”

“ಹೌದಲ್ಲ” ಎಂದರು. ತೊಳೆದು ಬೋರಲು ಹಾಕಿದ್ದ ಆ ತಟ್ಟೆಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಒದ್ದೆ ಬಟ್ಟೆಯ ಬುಟ್ಟಿ ಸೊಂಟದ ಮೇಲೇ ಇತ್ತು.

ಆ ವರ್ಷ ಮಳೆಗಾಲದಲ್ಲಿ ಕಾಕಾನ ಅಕ್ಕ ಮೊಣಕಾಲಿನ ಆಪರೇಶನ್ನಿಗೆಂದು ಮನೆಮಂದಿಯೊಂದಿಗೆ ಬಂದು ಇಳಿದಿದ್ದರು. ಒಂದು ಬೆಳಿಗ್ಗೆ ನಾನು ಹಾಲು ತರಲು ಕೆಳಗಿಳಿದಾಗ ಕಾಕು ಕಿವಿಗೆ ಸ್ಕಾರ್ಫ್ ಬಿಗಿದು ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ಅವರು ಒಲೆಯ ಮುಂದೆ ಕೂತಿದ್ದೇ ನನಗೆ ವಿಚಿತ್ರವಾಗಿ ಕಂಡಿತು. ಕೈ ಮುಟ್ಟಿ ನೋಡಿದೆ, ಸುಡುತ್ತಿತ್ತು.

“ಕಾಕು, ಜ್ವರ!”

“ಶ್! ಹೊರಗ ಕೇಳಿಸ್ತೈತಿ.”

“ಕೇಳಿಸಲಿ ಬಿಡಿ.”

“ಕೇಳಿಸಿದ್ರ ಏನ್ ಮಾಡ್ತಾರ? ಮೊದಲ ಅಯ್ಯ ಪಾಪ ಅಂತಾರ. ಆಮ್ಯಾಲೆ, ರೊಟ್ಟಿ ಯಾವಾಗ ಆಗ್ತಾವ ಅಂತ ಕೇಳ್ತಾರ. ಆ ಎರಡನೇ ಮಾತು ಕೇಳೂದೈತಲ್ಲ, ಅದು ನನಗ ಜ್ವರಕ್ಕಿಂತ ಭಾಳ ತ್ರಾಸ.”

ಹೇಳಿ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು. ಹೊರಗಿನ ಕೋಣೆಯಲ್ಲಿ ಟಿವಿ ಜೋರಾಗಿತ್ತು. ನಿಜವಾಗಿಯೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಅತಿಥಿಗಳು ಊರಿಗೆ ಹೋದ ಮೇಲಿನ ರವಿವಾರ ಕಾಕು ಬಟ್ಟೆಯ ಬುಟ್ಟಿ ಇಲ್ಲದೆ ಮಾಳಿಗೆಗೆ ಬಂದರು. ಒಳಗೆ ಬಂದು ನನ್ನ ಮಂಚದ ಮೇಲೆ ಕೂತರು. ಬಾಗಿಲು ಮುಂದಕ್ಕೆ ಮಾಡು ಎಂದು ಸನ್ನೆ ಮಾಡಿದರು.

“ನಿಮ್ಮ ಕಂಪ್ಯೂಟರಿನ್ಯಾಗ ಎಲ್ಲಾ ಸಿಗ್ತೈತಂತಲ್ಲ. ನನಗೊಂದು ಊರು ನೋಡಿ ಕೊಡು.”

“ಯಾವ ಊರು ಕಾಕು?”

“ನಮ್ಮ ಬಳಗದವ್ರು ಯಾರೂ ಇರಬಾರ್ದು.” ಸ್ವಲ್ಪ ಯೋಚಿಸಿದರು. “ರೈಲು ಹೋಗಬಾರ್ದು. ಬಸ್ಸೂ ಬಾಗ್ಲತನಕ ಹೋಗಬಾರ್ದು. ಅಲ್ಲೊಂದು ಮನಿ ಬಾಡಿಗಿಗೆ ಹಿಡಿಬೇಕು. ಒಂದು ಹದಿನೈದು ದಿನಾ ಛುಟ್ಟಿ.”

ರಜೆಗೆ ಅವರು ಛುಟ್ಟಿ ಎನ್ನುತ್ತಿದ್ದರು. ಗಂಡನ ನೌಕರಿಯ ಉದ್ದಕ್ಕೂ ಆ ಮಾತನ್ನು ಕೇಳಿದ್ದವರು. ತಮಗಾಗಿ ಬಳಸಿದ್ದು ಅದೇ ಮೊದಲಿರಬೇಕು. ರೈಲ್ವೆಯ ಪಾಸಿನಲ್ಲಿ ಅವರು ಊರೂರು ತಿರುಗಿದ್ದರು ನಿಜ. ಆದರೆ ಹೋದದ್ದೆಲ್ಲ ಮದುವೆಗೆ, ಬಾಣಂತನಕ್ಕೆ, ಮಣ್ಣಿಗೆ. ಹೋದಲ್ಲೆಲ್ಲ ಅಡುಗೆಮನೆಗೇ ಇಳಿದಿದ್ದರು.

“ದುಡ್ಡು?” ಎಂದೆ.

“ನೀ ನನಗ ಬಾಡಿಗಿ ಕೊಡ್ತಿಯಲ್ಲ, ಅದನ್ನ ನಾ ಇನ್ನೊಬ್ರಿಗೆ ಕೊಡ್ತೀನಿ. ನಾನೂ ನಿನ್ನಂಗ ಬಾಡಿಗಿ ಮನ್ಯಾಗ ಇದ್ದು ನೋಡ್ತೀನಿ.”

ಆ ದಿನಗಳಲ್ಲಿ ಶನಿವಾರ ರವಿವಾರ ಕಳೆಯಲು ಜಾಗ ಹುಡುಕುವ ಐಟಿಯವರನ್ನು ನೆಚ್ಚಿಕೊಂಡು, ಹೊಲ ಇದ್ದವರೆಲ್ಲ ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕುತ್ತಿದ್ದರು. ಕಚೇರಿ ಮುಗಿದ ಮೇಲೆ ಹುಡುಕುತ್ತ ಕೂತಾಗ ಒಂದು ಸಿಕ್ಕಿತು. ರಾಯಚೂರಿನ ಕಡೆ ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಹಳೆಯ ಕೋಟೆಯ ಊರು, ಅಲ್ಲಿ ರಜೆಗೆ ಬಾಡಿಗೆಗೆ ಸಿಗುವ ತೋಟದ ಮನೆ. ಹರಿಗೋಲಿನಲ್ಲಿ ದಾಟಿ ಹೋಗಬೇಕು ಎಂದಿತ್ತು. ಆ ಸಾಲು ಓದಿದ ಕೂಡಲೇ ಇದೇ ಊರು ಎಂದುಕೊಂಡೆ. ಮನೆಯ ಮಾಲೀಕರು ರಾಯಚೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು. ಫೋನು ಮಾಡಿದಾಗ ನನಗಿಂತ ಅವರಿಗೇ ಆಶ್ಚರ್ಯ.

“ಎಷ್ಟು ಮಂದಿ ಬರ್ತೀರಿ ಮೇಡಂ?”

“ಒಬ್ಬರೇ. ನಾನು ಮೊದಲ ನಾಲ್ಕು ದಿನ ಜೊತೆಗಿರ್ತೀನಿ.”

“ಒಬ್ರ? ಎಷ್ಟು ದಿನಾರಿ?”

ಅದನ್ನು ಕಾಕು ಮೊದಲೇ ನಿಶ್ಚಯಿಸಿದ್ದರು. ಮಹಾನವಮಿ ಅಮಾವಾಸ್ಯೆಯಿಂದ ಸೀಗೆ ಹುಣ್ಣಿಮೆಯವರೆಗೆ. ದಸರೆಯ ಹಬ್ಬದಲ್ಲೇ ಮನೆ ಬಿಟ್ಟು ಹೋಗುವುದೇ ಎಂದು ನಾನು ಕೇಳಿದರೆ, “ಹಬ್ಬಕ್ಕ ಎಲ್ಲಾರೂ ಬರ್ತಾರ, ಅದಕ್ಕ ಹೊಂಟೀನಿ” ಎಂದಿದ್ದರು.

ಕಾಕಾ ಕೆಟ್ಟ ಮನುಷ್ಯರಲ್ಲ. ದನಿ ಏರಿಸಿದವರಲ್ಲ. ನೌಕರಿಯುದ್ದಕ್ಕೂ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹೋಗಿ ಬಂದು, ಬಂದಾಗಲೆಲ್ಲ ಮನೆಯಲ್ಲಿ ದೀಪವೂ ಬಿಸಿ ಊಟವೂ ಇರುವುದನ್ನು ಕಂಡವರು. ಅದು ಸೂರ್ಯ ಹುಟ್ಟಿದಷ್ಟು ಸಹಜ ಎಂದುಕೊಂಡಿದ್ದರು, ಅಷ್ಟೇ. ಕಾಕು ವಿಷಯ ತಿಳಿಸಿದ ದಿನ ನಾನೂ ಅಲ್ಲಿದ್ದೆ.

“ಸ್ವಂತ ಮನಿ ಇಟ್ಕೊಂಡು ಮಂದಿ ಮನಿಗೆ ಬಾಡಿಗಿ ಕೊಡ್ತಿಯೇನು?” ಎಂದರು ಕಾಕಾ.

“ಹೌದ್ರಿ.”

“ನವರಾತ್ರಿ ಘಟಾ ಯಾರು ಹಾಕಾವ್ರು?”

“ನೀವ ಹಾಕ್ರಿ. ದೇವ್ರು ನಿಮಗೂ ದೇವ್ರ ಅಲ್ಲೇನು?”

ಕಾಕಾ ನನ್ನ ಕಡೆ ನೋಡಿದರು. ಇದೆಲ್ಲ ನಿನ್ನ ಕಂಪ್ಯೂಟರಿನ ಕೆಲಸ ಎಂಬ ನೋಟ. ಬಳಗಕ್ಕೂ ಸುದ್ದಿ ಮುಟ್ಟಿತು. ಫೋನಿನ ಮೇಲೆ ಫೋನು. ಗಂಡ ಹೆಂಡತಿಯ ಜಗಳವಂತೆ ಎಂದು ಕೆಲವರು, ಯಾವುದೋ ಹರಕೆಯಂತೆ ಎಂದು ಕೆಲವರು. ಕಾಕು ಯಾರಿಗೂ ಇಲ್ಲ ಎನ್ನಲಿಲ್ಲ. ಹರಕೆ ಎಂದವರಿಗೆ ಹರಕೆ ಎಂದರು, ಹವಾ ಬದಲು ಎಂದವರಿಗೆ ಡಾಕ್ಟರು ಹೇಳಿದ್ದಾರೆ ಎಂದರು. ಸುಳ್ಳು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ನಾವು ಹೊರಟ ಬೆಳಿಗ್ಗೆ ಓಣಿಯಲ್ಲಿ ಹೆಂಗಸರು ತೆಲಂಗಾಣದ ಹೂವಿನ ಹಬ್ಬ ಬತುಕಮ್ಮನಿಗೆಂದು ಬುಟ್ಟಿಗಟ್ಟಲೆ ಹೂವು ಹಿಡಿದು ಬರುತ್ತಿದ್ದರು. ಇಮ್ಲಿಬನ್ ನಿಲ್ದಾಣದಿಂದ ರಾಯಚೂರಿನ ಬಸ್ಸು. ಕಾಕು ಕಿಟಕಿಯ ಪಕ್ಕ ಕೂತು, ಬುತ್ತಿ ತಂದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಮಹಬೂಬ್‌ನಗರದಲ್ಲಿ ಬಸ್ಸು ನಿಂತಾಗ ಕಾಗದದಲ್ಲಿ ಕಟ್ಟಿದ ಮಿರ್ಚಿ ಭಜಿ ಕೊಂಡು ತಿಂದರು. ನದಿಯ ದಂಡೆಯಲ್ಲಿ ಹರಿಗೋಲು ಹತ್ತುವಾಗ ಮಾತ್ರ ನನ್ನ ತೋಳು ಬಿಗಿಯಾಗಿ ಹಿಡಿದರು. ಆ ದುಂಡು ಬುಟ್ಟಿಯೊಳಗೆ ನಮ್ಮೊಂದಿಗೆ ಒಂದು ಮೋಟರ್ ಸೈಕಲ್ಲು, ಎರಡು ಆಡು. ನಡುನೀರಿನಲ್ಲಿ ಬುಟ್ಟಿ ನಿಧಾನ ತಿರುಗಿತು. ಕಣ್ಣು ಮುಚ್ಚಿಕೊಂಡಿದ್ದ ಕಾಕು ತೆರೆದು, ಹಿಂದೆ ಸರಿಯುತ್ತಿದ್ದ ದಂಡೆಯನ್ನು ನೋಡಿ, “ಇನ್ನ ಯಾರೂ ಬರಾಂಗಿಲ್ಲ ನೋಡು” ಎಂದರು.

ಜಾಹೀರಾತಿನ ಚಿತ್ರದಲ್ಲಿ ಮನೆ ಬಂಗಲೆಯ ಹಾಗಿತ್ತು. ನಿಜದಲ್ಲಿ ಅದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಪಡಸಾಲೆ. ಸುತ್ತ ನಿಂಬೆ, ಪಪ್ಪಾಯಿ ಗಿಡ, ಒಂದು ದೊಡ್ಡ ಬೇವು. ಊರಿನ ಎತ್ತರದ ಜಾಗ ಅದೇ; ಪಕ್ಕದಲ್ಲೇ ಕೋಟೆಯ ಅರ್ಧ ಉಳಿದ ಬುರುಜು. ಬಿಜಾಪುರದ ಸುಲ್ತಾನರ ಕಾಲದ್ದು ಎಂದು ಊರವರು ಹೇಳುತ್ತಿದ್ದರು. ಅದರ ಕಲ್ಲುಗಳು ಊರಿನ ಎಷ್ಟೋ ಮನೆಗಳ ಹೊಸ್ತಿಲಾಗಿ, ಒಗೆಯುವ ಬಂಡೆಯಾಗಿ ಕೂತಿದ್ದವು. ಕೆಳಗೆ ನೀರಿನ ಪಕ್ಕಕ್ಕೆ ಒಂದು ಹನುಮಪ್ಪನ ಗುಡಿ, ಒಂದು ದರ್ಗಾ, ಊರವರ ಮನೆಗಳು.

ಅಡುಗೆ ಮಾಡಿ ಹಾಕಲು ಮಾಲೀಕರು ಶಂಕ್ರಮ್ಮ ಎಂಬುವರನ್ನು ಗೊತ್ತುಮಾಡಿದ್ದರು. ಊರಿನವರೇ, ದೊಡ್ಡ ದನಿಯ, ಗಟ್ಟಿ ಹೆಂಗಸು. ಮೊದಲ ದಿನ ಆಕೆ ಒಲೆ ಹಚ್ಚಿದ ಕೂಡಲೇ ಕಾಕು ಎದ್ದು ಹೋಗಿ ಪಕ್ಕದಲ್ಲಿ ಕೂತು ಹಿಟ್ಟಿಗೆ ಕೈ ಹಾಕಿದರು. ಶಂಕ್ರಮ್ಮ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

“ಅಮ್ಮಾರ, ನೀವು ಬಾಡಿಗಿ ಕೊಟ್ಟು ಬಂದೀರೋ, ಕೂಲಿಗೆ ಬಂದೀರೋ?”

ಕಾಕು ಪೆಚ್ಚಾಗಿ ಎದ್ದು ಬಂದರು. ಆ ಇಡೀ ದಿನ ಅವರ ಕೈಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಪಾಟು ಒರೆಸಿದರು. ನನ್ನ ಕೂದಲು ಬಾಚಿ ಹೆಣೆದರು, ಬಿಚ್ಚಿ ಮತ್ತೆ ಹೆಣೆದರು. ಸಂಜೆ ಬೇವಿನ ಕಟ್ಟೆಯ ಮೇಲೆ ಕೂತು, “ಛುಟ್ಟಿ ಭಾಳ ಕಷ್ಟ ತಂಗಿ” ಎಂದರು. ಮರುದಿನ ಸ್ವಲ್ಪ ಸುಧಾರಿಸಿತು. ಅದರ ಮರುದಿನ ನಾನು ಎದ್ದು ನೋಡಿದರೆ, ಬಿಸಿಲೇರಿದರೂ ಕಾಕು ಇನ್ನೂ ಮಲಗಿದ್ದರು. ಬಾಯಿ ತೆರೆದು, ಒಂದು ಕೈ ತಲೆಯ ಮೇಲೆ ಚಾಚಿ. ಮಲಗಿದ ಕಾಕುವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ನಾನು ವಾಪಸು ಹೊರಡಬೇಕಾಗಿದ್ದ ಹಿಂದಿನ ದಿನ, ಆಚೆ ದಂಡೆಯಿಂದ ಮೈಕಿನಲ್ಲಿ ಕೂಗಿದ್ದು ಕೇಳಿಸಿತು. ಮೇಲಿನ ಕಡೆ ತಡವಾಗಿ ಮಳೆ ಹಿಡಿದಿದೆ, ಡ್ಯಾಮಿನಿಂದ ನೀರು ಬಿಡುತ್ತಾರೆ, ಹರಿಗೋಲು ಹಾಕಬೇಡಿ. ನಮ್ಮ ಮೇಲೆ ಮಾತ್ರ ಎಳೆಬಿಸಿಲು. ಮಧ್ಯಾಹ್ನದ ಹೊತ್ತಿಗೆ ನದಿಯ ಬಣ್ಣ ಬದಲಾಯಿತು. ಕೆಂಪು ನೀರು, ಅದರಲ್ಲಿ ತೇಲಿಬರುವ ಜಾಲಿಯ ಕೊಂಬೆಗಳು. ಹರಿಗೋಲು ಕಟ್ಟುತ್ತಿದ್ದ ಕಲ್ಲು ಕಾಣದಾಯಿತು. ಸಂಜೆಗೆ ಮುಂಚೆ ಹನುಮಪ್ಪನ ಗುಡಿಯ ಮೆಟ್ಟಿಲಿಗೆ ನೀರು ಮುಟ್ಟಿತು. ಕೆಳಗಿನ ಮನೆಗಳವರು ಜೋಳದ ಚೀಲ, ಹಾಸಿಗೆ, ಕೋಳಿ, ಕೂಸು ಎಲ್ಲ ಹೊತ್ತು ಎತ್ತರಕ್ಕೆ ಬರತೊಡಗಿದರು. ಎಲ್ಲರ ಮುಂದೆ ಶಂಕ್ರಮ್ಮ, ತಲೆಯ ಮೇಲೆ ಹಂಚು ಮಗುಚಿ ಇಟ್ಟುಕೊಂಡು. ಬಂದವರು ನಮ್ಮ ಅಂಗಳದ ಅಂಚಿಗೆ ನಿಂತರು. ಮಾಲೀಕರು ಆಚೆ ದಂಡೆಯಲ್ಲಿ. ಈಗ ಮನೆ ಕಾಕುವಿನದು.

“ಅಮ್ಮಾರ, ನೀರು ಇಳಿಯೂತನಾ ಇಲ್ಲಿರಬಹುದೇನ್ರಿ?” ಎಂದಳು ಶಂಕ್ರಮ್ಮ. ಅಷ್ಟು ದೊಡ್ಡ ದನಿಯವಳು ಮೆಲ್ಲಗೆ ಕೇಳಿದಳು.

ಕಾಕು ಬಾಗಿಲಲ್ಲಿ ನಿಂತಿದ್ದರು, ಎರಡು ಕೈಗಳನ್ನೂ ಚೌಕಟ್ಟಿನ ಎರಡು ಬದಿಗೆ ಕೊಟ್ಟು. ನಾನು ಅವರ ಮುಖ ನೋಡಿದೆ. ಮಲ್ಕಾಜ್‌ಗಿರಿಯ ಗೇಟಿನ ಮುಂದೆ ಚೀಲಗಳನ್ನು ಹೇರಿಕೊಂಡ ಆಟೋ ನಿಂತಾಗಲೆಲ್ಲ, ನಗು ಮೂಡುವ ಮೊದಲು ಒಂದು ಗಳಿಗೆ ಬರುತ್ತಿದ್ದ ಮುಖ ಅದು. ಇಷ್ಟು ದೂರ, ನದಿ ದಾಟಿ ಬಂದರೂ ಬಾಗಿಲಿಗೆ ಮಂದಿ ಬಂದು ನಿಂತಿದ್ದರು. ಕಾಕು ಎಲ್ಲರನ್ನೂ ಒಮ್ಮೆ ನೋಡಿದರು. ಚೌಕಟ್ಟಿನಿಂದ ಕೈ ತೆಗೆದರು.

“ಬರ್ರಿ. ಕೇಳೂದೇನು ಬಂತು, ಬರ್ರಿ ಒಳಗ. ಕೂಸುಗೋಳನ್ನ ಮೊದಲ ತರ್ರಿ. ಆದ್ರ ಒಂದು ಮಾತು ಈಗ ಹೇಳ್ತೀನಿ. ನಾ ಇಲ್ಲಿಗೆ ಛುಟ್ಟಿ ಮ್ಯಾಲೆ ಬಂದೀನಿ. ಒಲಿ ಮುಂದ ನಾ ಕೂಡಂಗಿಲ್ಲ. ಒಂದು ರೊಟ್ಟಿ ಸೈತ ಬಡಿಯಂಗಿಲ್ಲ.”

ಶಂಕ್ರಮ್ಮ ತಲೆಯ ಮೇಲಿನ ಹಂಚು ಬೀಳುವಷ್ಟು ನಕ್ಕಳು.

“ನಿಮಗ್ಯಾರು ಬಡಿ ಅಂದಾರ? ಕುಂದರ್ರಿ ನೀವು. ನಿಮಗೂ ನಾವ ಹಾಕ್ತೀವಿ.”

ಹಾಕಿದರು ಕೂಡ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದರು. ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿದರು. ಗಂಡಸರಿಗೆ ನೀರು, ಸೌದೆ, ಪಾತ್ರೆ ತೊಳೆಯುವ ಕೆಲಸವನ್ನು ಕಾಕು ಕೂತಲ್ಲಿಂದಲೇ ಹಂಚಿದರು. ಎಲ್ಲರಿಗಿಂತ ಮೊದಲು ಕಾಕುವಿನ ಮುಂದೆ ಗಂಗಾಳ ಇಟ್ಟು, ಹಂಚಿನಿಂದ ನೇರ ತೆಗೆದ ರೊಟ್ಟಿ ಹಾಕಿದಳು ಶಂಕ್ರಮ್ಮ. ಮೇಲೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಕಾಕು ರೊಟ್ಟಿಯ ಅಂಚು ಮುರಿದರು. ಒಳಗಿನಿಂದ ಹಬೆ ಬಂತು. ತುತ್ತು ಬಾಯಿಗಿಟ್ಟು ಸುಮ್ಮನೆ ಕೂತರು, ಅಗಿಯಲೂ ಇಲ್ಲ.

“ಯಾಕ್ರೀ, ಸಪ್ಪಗಾತೇನು?” ಎಂದಳು ಶಂಕ್ರಮ್ಮ.

ಕಾಕು ತಲೆ ಅಲ್ಲಾಡಿಸಿದರು. “ಬಿಸಿ ರೊಟ್ಟಿ ಹಿಂಗಿರ್ತೈತೇನು ಅಂತ ನೋಡಾಕತ್ತೀನಿ” ಎಂದರು. ಇನ್ನೊಂದು ಹಾಕು ಎಂದು ಕೇಳಿ ಹಾಕಿಸಿಕೊಂಡರು.

ನನ್ನ ಪರದಾಟ ಬೇರೆಯೇ. ಸೋಮವಾರ ನಮ್ಮ ಪ್ರಾಜೆಕ್ಟು ಗ್ರಾಹಕರ ಕೈಗೆ ಹೋಗಬೇಕಿತ್ತು. ಮೊಬೈಲಿಗೆ ಬುರುಜಿನ ತುದಿಯಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಸಿಗ್ನಲ್. ಕಾಕು ಕ್ಷೇಮ ಎಂದು ಮಲ್ಕಾಜ್‌ಗಿರಿಗೂ ಅಲ್ಲಿಂದ ಎಷ್ಟು ಸಲ ಮಾಡಿದರೂ ಫೋನು ಹತ್ತಲಿಲ್ಲ. ನಾನು ಮೇಲೆ ಕೆಳಗೆ ಓಡಾಡುವುದನ್ನು ನೋಡಿ ನೋಡಿ ಕಾಕು ಕರೆದರು.

“ನೀ ಇಲ್ದಿದ್ರ ನಿಮ್ಮ ಕಂಪನಿ ಮುಳಗ್ತೈತೇನು?”

“ಮುಳುಗಲ್ಲ ಕಾಕು. ಬೇರೆಯವರು ಮಾಡ್ಕೋತಾರೆ.”

“ಅವ್ರಿಗೂ ಅದು ಗೊತ್ತಾಗ್ಲಿ, ನಿನಗೂ ಗೊತ್ತಾಗ್ಲಿ. ಬಾ ಇಲ್ಲಿ, ಒಬ್ರು ಕಮ್ಮಿ ಬಿದ್ದಾರ.”

ಕಮ್ಮಿ ಬಿದ್ದದ್ದು ಚೌಕಾಬಾರದ ಆಟಕ್ಕೆ. ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ಒಡೆದ ಹುಣಸೆ ಬೀಜ, ಬಳೆಚೂರು. ಕಾಕು ಎಂಥ ಆಟಗಾರ್ತಿ ಎಂಬುದು ಅಲ್ಲಿ ತಿಳಿಯಿತು. ಸೋಲುವುದು ಅವರಿಗೆ ಒಗ್ಗುತ್ತಿರಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕಾಯಿ ಒಂದು ಮನೆ ಮುಂದೆ ಸರಿಸುವರು. ಶಂಕ್ರಮ್ಮ ಕೈ ಹಿಡಿದು ನಿಲ್ಲಿಸುವಳು. ಇಬ್ಬರಿಗೂ ಜಗಳ, ಸುತ್ತ ಕೂತವರಿಗೆ ನಗೆ. ಸುತ್ತ ಕೆಂಪು ನೀರು ಹರಿಯುತ್ತಿತ್ತು, ಅಂಗಳದಲ್ಲಿ ಕೋಳಿ ಆಡು ಓಡಾಡುತ್ತಿದ್ದವು. ಕಾಕುವಿನ ವಯಸ್ಸು ದಿನದಿನಕ್ಕೆ ಕಡಿಮೆಯಾದಂತೆ ನನಗೆ ಕಂಡಿತು.

ನೀರು ಏರುವುದು ನಿಂತ ಮೇಲೆ ಹೆಂಗಸರೆಲ್ಲ ಬುರುಜಿನ ಹತ್ತಿರ ಬಟ್ಟೆ ಒಣಹಾಕಲು ಗುಂಪಾಗಿ ಹೋಗುವುದಿತ್ತು. ಹಾಗೆ ಹೋದ ಒಂದು ಬೆಳಿಗ್ಗೆ ಒಂದು ಆಡು ಶಂಕ್ರಮ್ಮನ ಹೊಸ ಕುಬಸ ಬಾಯಲ್ಲಿ ಕಚ್ಚಿಕೊಂಡು ಓಡಿತು. ಶಂಕ್ರಮ್ಮ ಅದರ ಹಿಂದೆ, ಕಾಕು ಹೊಟ್ಟೆ ಹಿಡಿದುಕೊಂಡು ಬಾಗಿ ಬಾಗಿ ನಗುತ್ತಿದ್ದರು. ಆಗಲೇ ನಾನು ಆಚೆ ದಂಡೆಯಲ್ಲಿ ನಿಂತವರನ್ನು ಕಂಡದ್ದು. ಬಿಳಿ ಪಂಚೆ, ತಲೆಗೆ ಟವೆಲು. ಎರಡೂ ತೋಳುಗಳನ್ನು ಮೇಲೆತ್ತಿ ಬೀಸುತ್ತಿದ್ದರು, ರೈಲಿಗೆ ಬೀಸುವ ಹಾಗೆ.

“ಕಾಕು, ಕಾಕಾ!”

ಟಿವಿಯಲ್ಲಿ ಕೃಷ್ಣೆಯ ನೆರೆ ತೋರಿಸಿದ್ದನ್ನು ನೋಡಿ, ಘಟಕ್ಕೆ ದೀಪ ಹಚ್ಚುವುದನ್ನು ಹಬ್ಬಕ್ಕೆ ಬಂದಿದ್ದ ಮಗಳಿಗೆ ಒಪ್ಪಿಸಿ ಬಸ್ಸು ಹತ್ತಿದ್ದರಂತೆ. ನೀರಿನ ಸದ್ದಿಗೆ ಕೂಗಿದ್ದು ಕೇಳುತ್ತಿರಲಿಲ್ಲ. ಕಾಕು ಮುಂದೆ ಬಂದು ನಿಂತರು. ಕೈಯನ್ನು ಬಾಯಿಗೆ ಒಯ್ದು ತೋರಿಸಿದರು: ಉಂಡೀನಿ. ಎರಡೂ ಕೈ ಕೆನ್ನೆಗಿಟ್ಟು ತಲೆ ವಾಲಿಸಿದರು: ನಿದ್ದಿ ಮಾಡೀನಿ. ಆಮೇಲೆ ಬೆರಳು ಹಿಂದಕ್ಕೆ ತೋರಿಸಿದರು: ನೀವು ಮನಿಗೆ ಹೋಗ್ರಿ. ಕಾಕಾ ಹೋಗಲಿಲ್ಲ. ದಂಡೆಯ ಊರಲ್ಲೇ ಉಳಿದು, ಮರುದಿನವೂ ಬಂದು ಅಲ್ಲೇ ನಿಂತರು.

ನೀರಿಳಿದ ಮೇಲೆ ಬಂದ ಮೊದಲ ಹರಿಗೋಲಿನಲ್ಲೇ ಕಾಕಾ ಬಂದರು. ಅಂಗಳದಲ್ಲಿ ಇನ್ನೂ ಅರ್ಧ ಊರು ಇತ್ತು. ಕಾಕಾನ ಗಡ್ಡ ಕ್ಷೌರವಿಲ್ಲದೆ ಬೆಳೆದಿತ್ತು. ಕಾಕುವಿನ ಮುಂದೆ ನಿಂತು, “ನಡಿ, ಮನಿಗೆ ಹೋಗೂಣು” ಎಂದರು.

“ಹುಣ್ಣಿವಿ ಆಗ್ಲಿ ಅಂತ ಹೇಳಿ ಬಂದೀನಲ್ಲ. ಇನ್ನೂ ಆಗಿಲ್ಲ.” ಕಾಕು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. “ಕುಂದರ್ರಿ. ಉಂಡೀರೇನು?”

ಕಾಕಾ ಕೂತರು. ಶಂಕ್ರಮ್ಮ ಅವರಿಗೂ ಒಂದು ಗಂಗಾಳ ಇಟ್ಟಳು. ಗಂಡ ಹೆಂಡತಿ ಅಕ್ಕಪಕ್ಕ ಕೂತು ಉಂಡರು. ಉಣ್ಣುವಾಗ ಕಾಕಾ ಎರಡು ಸಲ ತಲೆ ಎತ್ತಿ ಪಕ್ಕಕ್ಕೆ ನೋಡಿದರು, ಅಲ್ಲಿ ಕೂತದ್ದು ಯಾರು ಎಂಬ ಹಾಗೆ.

ನಾನು ಮರುದಿನ ಬೆಳಿಗ್ಗೆ ಹೊರಟೆ. ಎದ್ದಾಗ ಕಾಕಾ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುಗೊಳವೆ ಊದುತ್ತಿದ್ದರು. ಚಹಾ ಹೊಗೆ ವಾಸನೆ ಹೊಡೆಯುತ್ತಿತ್ತು, ಸಕ್ಕರೆ ವಿಪರೀತ. ಕಾಕು ಕೂತಲ್ಲೇ ಬಸಿ ಹಿಡಿದು ಒಂದು ಹನಿ ಬಿಡದೆ ಕುಡಿದರು. ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟಿದೆ ಎನ್ನಲಿಲ್ಲ. “ನಾಳೆ ಸಕ್ಕರಿ ಸ್ವಲ್ಪ ಕಮ್ಮಿ ಹಾಕ್ರಿ” ಎಂದರು. ಕಾಕಾ ತಲೆಯಾಡಿಸಿದರು.

ಆಮೇಲೆ ಮಲ್ಕಾಜ್‌ಗಿರಿಯ ಮನೆ ಬದಲಾಯಿತು ಎಂದರೆ ಪೂರ್ತಿ ನಿಜವಲ್ಲ. ಬಳಗ ಬರುವುದು ನಿಲ್ಲಲಿಲ್ಲ, ಬೀಗವೂ ಬೀಳಲಿಲ್ಲ. ಆದರೆ ಕಾಕು ಎಲ್ಲರೊಂದಿಗೆ ಕೂತು ಉಣ್ಣತೊಡಗಿದರು. ಕೂತ ಮೇಲೆ ಏಳುತ್ತಿರಲಿಲ್ಲ. ಬೇಕಾದವರು ಎದ್ದು ಹಾಕಿಕೊಳ್ಳಬೇಕು. ನಡುಗಡ್ಡೆಗೆ ಹೋಗಿ ಬಂದ ಮೇಲೆ ಆಕೆಗೆ ಸೊಕ್ಕು ಬಂದಿದೆ ಎಂದು ಕಾಕಾನ ಅಕ್ಕ ಹೇಳಿದ್ದು ಕಾಕುವಿನ ಕಿವಿಗೂ ಬಿತ್ತು. “ಬಂದೈತಿ, ಬಂದೈತಿ” ಎಂದು ಸಂತೋಷದಿಂದ ಒಪ್ಪಿಕೊಂಡರು. ಪ್ರತಿವರ್ಷ ಅದೇ ಮನೆಗೆ ಹೋದರು. ಕೆಲವು ವರ್ಷ ಕಾಕಾನನ್ನು ಕರೆದೊಯ್ದರು, ಕೆಲವು ವರ್ಷ ಬ್ಯಾಡ ಎಂದರು. ನಾನು ಮದುವೆಯಾಗಿ ಪುಣೆಗೆ ಹೋದೆ. ದಸರೆ ಹತ್ತಿರ ಬಂದಾಗ ಅವರ ಫೋನು ಬರುತ್ತಿತ್ತು: “ಛುಟ್ಟಿ ಹಾಕೀಯೇನು?” ಅಷ್ಟೇ ಪ್ರಶ್ನೆ. ಇಲ್ಲ ಎಂದರೆ ಬೈಗುಳ.

ಹೋದ ಚಳಿಗಾಲದಲ್ಲಿ ಫೋನು ಬಂದದ್ದು ಕಾಕಾನಿಂದ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ದಿವಸದ ಊಟಕ್ಕೆ ನಾನು ಹೋದೆ. ಮನೆ ಕಿಕ್ಕಿರಿದಿತ್ತು. ನಡುವೆ ಶಂಕ್ರಮ್ಮ ಕಂಡಳು, ಜೊತೆಗೆ ಊರಿನ ಇಬ್ಬರು ಹೆಂಗಸರು. ಹೈದರಾಬಾದು ನೋಡಿದ್ದೇ ಅವರು ಅಂದು ಮೊದಲು. ನೀವು ಯಾರ ಪೈಕಿ ಎಂದು ಬಳಗದವರು ಕೇಳಿದ್ದಕ್ಕೆ ಶಂಕ್ರಮ್ಮ, “ಯಾರ ಪೈಕಿನೂ ಅಲ್ರಿ. ಆಕಿ ನಮ್ಮೂರಾಕಿ” ಎಂದಳು.

ಕಾಕಾ ಮಾಳಿಗೆಯ ಮೇಲೆ ಒಬ್ಬರೇ ಇದ್ದರು, ನಾನು ಇದ್ದ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರೇ ಮಾತು ತೆಗೆದರು.

“ನೀರು ಬಂದಾಗ ನಾ ದಂಡಿ ಮ್ಯಾಲೆ ಬಂದು ನಿಂತಿದ್ನಲ್ಲ ತಂಗಿ, ನೆನಪೈತೇನು?”

“ಇದೆ ಕಾಕಾ.”

“ಭಾಳ ಹೆದರಿದ್ದೆ. ಆಕಿ ಎಲ್ಲದಾಳ ಎಲ್ಲದಾಳ ಅಂತ ಹುಡುಕಾಕತ್ತಿದ್ದೆ. ಆ ಬುರುಜಿನ ಹತ್ರ ನಾಕೈದು ಮಂದಿ ಹೆಣ್ಮಕ್ಳು ಕಂಡ್ರು. ಅದರಾಗ ಒಬ್ಬಾಕಿ ನಗಾಕತ್ತಿದ್ಲು. ಮೈಯೆಲ್ಲಾ ಅಳ್ಳಾಡಿಸಿ, ಬಾಗಿ ಬಾಗಿ. ಅಷ್ಟು ದೂರದಿಂದ್ಲೂ ಕಾಣಸ್ತಿತ್ತು. ಆ ಹೆದರಿಕ್ಯಾಗೂ ನಾ ಅಂದ್ಕೊಂಡೆ, ಯಾರೋ ಏನೋ, ಎಷ್ಟು ಚಂದ ನಗ್ತಾಳಲ್ಲ ಈಕಿ ಅಂತ.”

ಟವೆಲಿನಿಂದ ಮುಖ ಒರೆಸಿಕೊಂಡರು.

“ಆಮ್ಯಾಲೆ ಗುರ್ತು ಹತ್ತಿತು.”

ಕೆಳಗಿನಿಂದ ಯಾರೋ ಊಟಕ್ಕೆ ಕರೆದರು. ಕಾಕಾ ಏಳಲಿಲ್ಲ. ನಾನೂ ಏಳಲಿಲ್ಲ.